ಉದ್ದಬಾಲದ ಜೋಡಿಯ ಕರ್ತೃ: ಅಲನ್ ಬ್ಲೂಮ್‌ಲೈನ್

ಸಂಕ್ರಾಂತಿಯ ಗಡ್ಡಾ ಯಾತ್ರೆಯ ದಿನಗಳಲ್ಲಿ ಸೊಲ್ಲಾಪುರದ ಬೀದಿಗಳಲ್ಲಿ ನಂದಿಧ್ವಜಗಳು ಸಾಗುವಾಗ, ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ಉತ್ಸವಗಳು ನಡೆಯುವಾಗ, ಮೈಕಿನಿಂದ ಧ್ವನಿವರ್ಧಕದ ಪೆಟ್ಟಿಗೆಯವರೆಗೆ ಉದ್ದನೆಯ ಕೇಬಲ್ಲೊಂದು ಜನರ ಕಾಲಡಿಯಲ್ಲಿ ಹರಿದಿರುತ್ತದೆ. ಅದರ ಪಕ್ಕದಲ್ಲಿಯೇ ದೀಪಾಲಂಕಾರದ ತಂತಿಗಳೂ ಇರುತ್ತವೆ. ಅವುಗಳಲ್ಲಿ ಸೆಕೆಂಡಿಗೆ 50 ಸಲ ಹೊಯ್ದಾಡುವ ವಿದ್ಯುತ್ತು ಮೈಕಿನ ಕೇಬಲ್ಲಿನೊಳಗೂ ತನ್ನ ಗುಂಯ್‌ಗುಡುವಿಕೆಯನ್ನು ಸೇರಿಸುತ್ತದೆ. ಆದರೂ ಉಪಕರಣ ಒಳ್ಳೆಯದಾಗಿದ್ದರೆ ಹಾಡುವವರ ದನಿ ಮಾತ್ರ ಕೇಳುತ್ತದೆ, ಗುಂಯ್‌ಗುಡುವಿಕೆ ಕೇಳುವುದಿಲ್ಲ. ಕೇಬಲ್ಲಿನೊಳಗೆ ಇರುವುದು ಎರಡು ತಂತಿ. ಹೊರಗಿನ ಗದ್ದಲ ಎರಡರ ಮೇಲೂ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಹಾಡಿನ ಸಂಕೇತ ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ಎರಡರಲ್ಲಿಯೂ ಸಮಾನವಾಗಿರುವುದನ್ನು ಕೈಬಿಟ್ಟು, ಅವುಗಳ ನಡುವಣ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಸಾಧನಕ್ಕೆ ಡಿಫರೆನ್ಶಿಯಲ್ ಆಂಪ್ಲಿಫೈಯರ್ ಎಂದು ಹೆಸರು. ವ್ಯತ್ಯಾಸವರ್ಧಕ ಎಂದರೂ ಸಲ್ಲುತ್ತದೆ. ಮರಾಠಿಯವರು ಲೌಡ್‌ಸ್ಪೀಕರನ್ನು ಧ್ವನಿಕ್ಷೇಪಕ ಎನ್ನುತ್ತಾರೆ, ಕನ್ನಡದವರು ಧ್ವನಿವರ್ಧಕ ಎನ್ನುತ್ತೇವೆ. ಒಂದು ಮಾತು ದನಿಯನ್ನು ಎಸೆಯುವುದನ್ನು ಕಂಡಿತು, ಇನ್ನೊಂದು ಬೆಳೆಸುವುದನ್ನು. ಈ ಬೆಳೆಸುವ ಕ್ರಿಯೆಯನ್ನು ಊಹೆಯ ಕೈಯಿಂದ ಬಿಡಿಸಿ ಲೆಕ್ಕದ ಕೈಗೆ ಒಪ್ಪಿಸಿದವರಲ್ಲಿ ಅಗ್ರಗಣ್ಯರು ಅಲನ್ ಡವರ್ ಬ್ಲೂಮ್‌ಲೈನ್.

ಅವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ 1903ರ ಜೂನ್ 29ರಂದು ಜನಿಸಿದರು. ತಂದೆ ಸೆಮ್ಮಿ ಬ್ಲೂಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದ ಗಣಿ ಎಂಜಿನಿಯರು. ತಾಯಿ ಜೆಸ್ಸಿ ಡವರ್ ದಕ್ಷಿಣ ಆಫ್ರಿಕೆಗೆ ಹೋಗಿ ನೆಲೆಸಿದ ಸ್ಕಾಟ್ಲೆಂಡಿನ ಮಿಶನರಿಯೊಬ್ಬರ ಮಗಳು. ಬಾಲಕನಿಗೆ ಯಂತ್ರಗಳ ಹುಚ್ಚು ಬಹಳ ಬೇಗ ಹಿಡಿಯಿತು. ಏಳು ವರ್ಷದವನಿದ್ದಾಗ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿ, ವಿದ್ಯುತ್ ಎಂಜಿನಿಯರನೆಂದು ರುಜು ಹಾಕಿ ತಂದೆಗೇ ಬಿಲ್ಲು ಕೊಟ್ಟನೆಂಬ ಕಥೆ ಆ ಮನೆತನದಲ್ಲಿ ಉಳಿದುಬಂದಿದೆ. ಓದಿನಲ್ಲಿ ಮಾತ್ರ ಹಿಂದೆ. ಹನ್ನೆರಡರ ಹೊತ್ತಿಗೂ ಅಕ್ಷರಗಳು ಸಲೀಸಾಗಿ ಓಡುತ್ತಿರಲಿಲ್ಲ, ಆದರೆ ಬೀಜಗಣಿತದ ಸಮೀಕರಣಗಳು ಅಷ್ಟರಲ್ಲಿ ಕೈವಶವಾಗಿದ್ದವು. ತಂದೆ 1914ರಲ್ಲಿ ತೀರಿಕೊಂಡರು. ಹೈಗೇಟ್ ಶಾಲೆಯನ್ನು ಮುಗಿಸಿ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜನ್ನು ಸೇರಿದ ತರುಣ, ಅಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದನು. ಪ್ರಾಧ್ಯಾಪಕ ಮ್ಯಾಲೆಟ್ ಅವರೊಡನೆ ಬರೆದ ಪ್ರಬಂಧವೊಂದಕ್ಕೆ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಬಹುಮಾನವೂ ಬಂದಿತು. ಆ ಬಳಿಕ ಅವರು ಪ್ರಬಂಧಗಳನ್ನು ಬರೆದುದು ಅತ್ಯಲ್ಪ. ಅವರ ಬರವಣಿಗೆಯೆಲ್ಲ ಪೇಟೆಂಟುಗಳಲ್ಲಿದೆ. ಮೂವತ್ತೆಂಟು ವರ್ಷ ಬದುಕಿದ ಮನುಷ್ಯ 128 ಪೇಟೆಂಟುಗಳಿಗೆ ಭಾಗಿಯಾದದ್ದು ಆ ಕಾಲಕ್ಕಷ್ಟೇ ಅಲ್ಲ, ಈ ಕಾಲಕ್ಕೂ ಅಚ್ಚರಿಯ ಸಂಗತಿ.

1924ರಲ್ಲಿ ಅವರು ದೂರವಾಣಿ ಉಪಕರಣಗಳ ಕಂಪನಿಯೊಂದನ್ನು ಸೇರಿದರು. ಊರಿಂದೂರಿಗೆ ಹೋಗುವ ಟೆಲಿಫೋನ್ ಕೇಬಲ್ಲುಗಳಲ್ಲಿ ಒಂದು ಜೋಡಿ ತಂತಿಯ ಮಾತು ಪಕ್ಕದ ಜೋಡಿಗೆ ಸೋರಿ, ಪರರ ಸಂಭಾಷಣೆ ಕೇಳಿಬರುತ್ತಿದ್ದ ಕಾಲವದು. ಈ ಸೋರಿಕೆಯನ್ನು ತಗ್ಗಿಸುವುದು ಅವರ ಪಾಲಿನ ಕೆಲಸ. ಅದಕ್ಕಾಗಿ ಯುರೋಪಿನಲ್ಲೆಲ್ಲ ಓಡಾಡಿದರು. ಎರಡು ತಂತಿಗಳು ಎಲ್ಲ ರೀತಿಯಲ್ಲಿಯೂ ಸಮತೋಲದಲ್ಲಿದ್ದರೆ ಹೊರಗಿನ ಹಾವಳಿ ತಾನಾಗಿ ರದ್ದಾಗುತ್ತದೆ ಎಂಬ ತತ್ತ್ವ ಈ ದಿನಗಳಲ್ಲಿ ಅವರಿಗೆ ಕರತಲಾಮಲಕವಾಯಿತು. ಮುಂದಿನ ಅವರ ಹಿರಿಯ ಶೋಧಗಳಲ್ಲೆಲ್ಲ ಈ ಮೊತ್ತ ಮತ್ತು ವ್ಯತ್ಯಾಸಗಳ ಲೆಕ್ಕಾಚಾರವೇ ಬೇರೆಬೇರೆ ವೇಷ ತೊಟ್ಟು ಬರುತ್ತದೆ.

1929ರಲ್ಲಿ ಅವರು ಕೊಲಂಬಿಯಾ ಗ್ರಾಫೊಫೋನ್ ಕಂಪನಿಗೆ ಬಂದರು. ಅಲ್ಲಿ ಅವರ ಮೇಲಿದ್ದವರು ರಷ್ಯಾದಿಂದ ವಲಸೆ ಬಂದಿದ್ದ ಐಸಾಕ್ ಶೋನ್‌ಬರ್ಗ್. ಧ್ವನಿಮುದ್ರಿಕೆ ಕೊರೆಯುವ ಯಂತ್ರಕ್ಕೆ ಅಮೆರಿಕದ ಪೇಟೆಂಟುದಾರರಿಗೆ ತಟ್ಟೆತಟ್ಟೆಗೂ ರಾಯಧನ ತೆರಬೇಕಾಗಿತ್ತು. ಆ ಹಂಗಿಲ್ಲದ ಹೊಸ ಯಂತ್ರವನ್ನು ಬ್ಲೂಮ್‌ಲೈನ್ ರೂಪಿಸಿಕೊಟ್ಟರು. 1931ರಲ್ಲಿ ಆ ಕಂಪನಿ ತನ್ನ ಪ್ರತಿಸ್ಪರ್ಧಿಯೊಡನೆ ವಿಲೀನವಾಗಿ ಇಎಂಐ ಎಂಬ ಸಂಸ್ಥೆ ಹುಟ್ಟಿತು. ಅದೇ ವರ್ಷ, ಮುಂದೆ ತಮ್ಮ ಪತ್ನಿಯಾಗಲಿದ್ದ ಡೊರೀನ್ ಅವರೊಡನೆ ಸಿನಿಮಾ ನೋಡಲು ಹೋಗಿದ್ದಾಗ ಅವರಿಗೊಂದು ಕೊರತೆ ಕಂಡಿತಂತೆ: ಪರದೆಯ ಮೇಲೆ ನಟ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೂ ಅವನ ಮಾತು ಮಾತ್ರ ಒಂದೇ ಕಡೆಯಿಂದ ಬರುತ್ತಿತ್ತು. ಆ ವರ್ಷದ ಡಿಸೆಂಬರ್ 14ರಂದು ಅವರು ಸಲ್ಲಿಸಿದ ಪೇಟೆಂಟು ಇಂದು ನಾವು ಸ್ಟೀರಿಯೊ ಎನ್ನುವ ವಿದ್ಯೆಯ ಮೂಲಗ್ರಂಥ. ಎರಡು ಮೈಕುಗಳ ದನಿಯನ್ನು ಒಂದೇ ಗೀರಿನ ಎರಡು ಗೋಡೆಗಳಲ್ಲಿ ಕೊರೆಯುವ ವಿಧಾನ ಅದರಲ್ಲಿದೆ. ಎರಡು ದನಿಗಳ ಮೊತ್ತ ಮುಳ್ಳನ್ನು ಅಡ್ಡಲಾಗಿ ಓಡಿಸಿದರೆ, ವ್ಯತ್ಯಾಸ ಮೇಲೆ ಕೆಳಗೆ ಓಡಿಸುತ್ತದೆ. ಸ್ಟೀರಿಯೊ ತಟ್ಟೆಗಳು ಪೇಟೆಗೆ ಬಂದು ಮನೆಮನೆಯನ್ನು ಸೇರತೊಡಗಿದ್ದು 1958ರ ಸುಮಾರಿಗೆ. ಅಷ್ಟರಲ್ಲಿ ಅವರು ಗತಿಸಿ ಹದಿನಾರು ವರ್ಷವಾಗಿತ್ತು.

ಇಎಂಐ ಸಂಸ್ಥೆಯ ಮುಂದಿನ ಗುರಿ ದೂರದರ್ಶನ. ಬೇರ್ಡ್ ಅವರ 240 ಗೆರೆಗಳ ಪದ್ಧತಿಗೂ ಶೋನ್‌ಬರ್ಗ್ ತಂಡದ 405 ಗೆರೆಗಳ ಪದ್ಧತಿಗೂ ಸ್ಪರ್ಧೆ ನಡೆದು, 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಬಿಬಿಸಿಯ ಪ್ರಸಾರ ಮೊದಲಾಯಿತು. ಕೆಲವೇ ತಿಂಗಳಲ್ಲಿ ಬೇರ್ಡ್ ಪದ್ಧತಿಯನ್ನು ಕೈಬಿಡಲಾಯಿತು. 405 ಗೆರೆಗಳ ಪ್ರಸಾರ 1985ರ ಜನವರಿಯವರೆಗೆ ಬಾಳಿತು. ಈ ಗೆಲುವಿನ ಹಿಂದೆ ಬ್ಲೂಮ್‌ಲೈನ್ ಅವರ ಒಂದು ಹಟವಿದೆ, ಅದನ್ನು ತುಸು ನಿಧಾನವಾಗಿ ನೋಡಬೇಕು.

ಆಗಿನ ವರ್ಧಕಗಳಿಗೆ ಗಾಜಿನ ವಾಲ್ವುಗಳೇ ಜೀವಾಳ. ಒಂದು ವಾಲ್ವಿನಂತೆ ಇನ್ನೊಂದಿಲ್ಲ. ಹೊಸದರ ಗುಣ ಹಳೆಯದಕ್ಕಿಲ್ಲ. ಆದುದರಿಂದ ಬಹುಮಂದಿ ಎಂಜಿನಿಯರುಗಳು ಮಂಡಲವನ್ನು ಮೊದಲು ಕಟ್ಟಿ, ಆಮೇಲೆ ಬಿಡಿಭಾಗಗಳನ್ನು ಬದಲಿಸುತ್ತ, ಹದ ಬರುವವರೆಗೆ ತಿದ್ದುತ್ತಿದ್ದರು. ಅಡುಗೆಗೆ ಉಪ್ಪು ನೋಡಿ ನೋಡಿ ಹಾಕಿದ ಹಾಗೆ. ಬ್ಲೂಮ್‌ಲೈನ್ ಇದನ್ನು ಒಪ್ಪಲಿಲ್ಲ. ಕಾಗದದ ಮೇಲೆ ಸ್ಲೈಡ್ ರೂಲ್ ಹಿಡಿದು ಮಾಡಿದ ಲೆಕ್ಕ ಮೇಜಿನ ಮೇಲೆ ಕಟ್ಟಿದ ವಸ್ತುವಿನಲ್ಲಿ ಮೊದಲ ಸಲವೇ ನಿಜವಾಗಬೇಕು ಎಂಬುದು ಅವರ ಪಟ್ಟು. ಅದಕ್ಕೆ ಎರಡು ದಾರಿ. ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವುದು ಒಂದು. ವಾಲ್ವಿನ ಚಂಚಲ ಗುಣ ಫಲಿತಾಂಶವನ್ನು ಮುಟ್ಟದ ಹಾಗೆ ಮಂಡಲವನ್ನೇ ರಚಿಸುವುದು ಇನ್ನೊಂದು. ಅವರ ಪ್ರತಿಭೆ ಎದ್ದು ಕಾಣುವುದು ಎರಡನೆಯದರಲ್ಲಿ. ಹೊರಬಂದುದರ ಒಂದು ಅಂಶವನ್ನು ಒಳಬರುವುದಕ್ಕೆ ವಿರುದ್ಧವಾಗಿ ಹಿಂದಿರುಗಿಸಿದರೆ ವರ್ಧನೆ ಕಡಿಮೆಯಾಗುತ್ತದೆ, ಆದರೆ ಸ್ಥಿರವಾಗುತ್ತದೆ. ಈ ಉಪಾಯವನ್ನು ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡಿದ್ದರು. ಬ್ಲೂಮ್‌ಲೈನ್ ಅದನ್ನು ದೂರದರ್ಶನದ ಮಂಡಲಗಳಲ್ಲಿ ಯಥೇಚ್ಛವಾಗಿ ಬಳಸಿದರು. ಹೆಚ್ಚು ಸಿಗುವುದಕ್ಕಿಂತ ಎಣಿಸಿದಷ್ಟೇ ಸಿಗುವುದು ಅವರಿಗೆ ಮುಖ್ಯವಾಗಿತ್ತು.

1936ರಲ್ಲಿಯೇ ಅವರು ಪೇಟೆಂಟು ಬೇಡಿದ ಒಂದು ಮಂಡಲಕ್ಕೆ ಲಾಂಗ್ ಟೇಲ್ಡ್ ಪೇರ್, ಅಂದರೆ ಉದ್ದಬಾಲದ ಜೋಡಿ, ಎಂಬ ಹೆಸರು ನಿಂತಿದೆ. ಲಂಡನ್ನಿನ ನಡುವಿನಿಂದ ಅಲೆಕ್ಸಾಂಡ್ರಾ ಪ್ಯಾಲೇಸಿನವರೆಗೆ ಚಿತ್ರಸಂಕೇತವನ್ನು ಕೇಬಲ್ಲಿನ ಮೂಲಕ ಸಾಗಿಸಬೇಕಾಗಿತ್ತು. 1937ರ ಮೇ 12ರಂದು ಆರನೆಯ ಜಾರ್ಜ್ ಅವರ ಪಟ್ಟಾಭಿಷೇಕದ ಮೆರವಣಿಗೆಯನ್ನು ಹೈಡ್ ಪಾರ್ಕ್ ಮೂಲೆಯಿಂದ ತೋರಿಸಿದ್ದು ಹೀಗೆಯೇ. ದಾರಿಯುದ್ದಕ್ಕೂ ನಗರದ ವಿದ್ಯುತ್ತಿನ ಗದ್ದಲ ಕೇಬಲ್ಲಿಗೆ ಅಂಟಿಕೊಳ್ಳುತ್ತಿತ್ತು. ಅದನ್ನು ತೊಡೆಯಲು ಅವರು ಎರಡು ವಾಲ್ವುಗಳ ಕಾಲುಗಳನ್ನು ಒಂದೆಡೆ ಕಟ್ಟಿ, ಆ ಗಂಟಿನಿಂದ ಒಂದು ದೊಡ್ಡ ರೋಧವನ್ನು ಕೆಳಕ್ಕೆ ಇಳಿಬಿಟ್ಟರು. ಅದೇ ಬಾಲ.

ಉಜನಿಯ ಕಾಲುವೆ ಒಂದೆಡೆ ಎರಡಾಗಿ ಕವಲೊಡೆಯುತ್ತದೆ ಎಂದು ಭಾವಿಸಬಹುದು. ಮೇಲಿನಿಂದ ಬರುವ ನೀರು ಗೊತ್ತಾದ ಪ್ರಮಾಣದ್ದು. ಎಡಗವಲಿನ ತೂಬನ್ನು ತುಸು ಎತ್ತಿ ಬಲಗವಲಿನದನ್ನು ಅಷ್ಟೇ ಇಳಿಸಿದರೆ, ಎಡಕ್ಕೆ ಹೆಚ್ಚಾದ ನೀರು ಬಲಕ್ಕೆ ಕಡಿಮೆಯಾಗುತ್ತದೆ. ಎರಡೂ ತೂಬುಗಳನ್ನು ಸಮನಾಗಿ ಎತ್ತಿದರೆ ಏನೂ ಬದಲಾಗುವುದಿಲ್ಲ, ಹಂಚಬೇಕಾದ ನೀರೇ ಅಷ್ಟು. ಉದ್ದಬಾಲ ಮಾಡುವುದೂ ಇದನ್ನೇ. ಅದು ಒಟ್ಟು ವಿದ್ಯುತ್ತನ್ನು ಹೆಚ್ಚುಕಡಿಮೆ ಸ್ಥಿರವಾಗಿ ಹಿಡಿದಿರುತ್ತದೆ. ಎರಡು ತಂತಿಗಳಲ್ಲಿ ಸಮನಾಗಿ ಬಂದ ಗದ್ದಲಕ್ಕೆ ಅಲ್ಲಿ ದಾರಿಯಿಲ್ಲ, ವ್ಯತ್ಯಾಸವಾಗಿ ಬಂದ ಸಂಕೇತಕ್ಕೆ ಮಾತ್ರ ದಾರಿ ತೆರೆದಿರುತ್ತದೆ. ಇನ್ನೊಂದು ಲಾಭವೂ ಉಂಟು. ಒಂದೊಂದು ವಾಲ್ವಿನ ಗುಣ ಎಷ್ಟೆಂಬುದಕ್ಕಿಂತ ಎರಡೂ ಒಂದನ್ನೊಂದು ಹೋಲುತ್ತವೆಯೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಎರಡೂ ಒಟ್ಟಿಗೆ ಬಿಸಿಯಾದರೆ, ಒಟ್ಟಿಗೆ ಹಳತಾದರೆ, ಆ ದೋಷವೂ ಗದ್ದಲದಂತೆಯೇ ರದ್ದಾಗುತ್ತದೆ.

ಈ ಎರಡನೆಯ ಲಾಭವೇ ಜೋಡಿಯನ್ನು ವಾಲ್ವಿನ ಕಾಲದಿಂದಾಚೆಗೆ ದಾಟಿಸಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಮ್ಮಿನ ಅರೆವಾಹಕ ಸಾಧನಗಳನ್ನು ತಯಾರಿಸತೊಡಗಿತು. ಗಡಿನಾಡಿನ ಹಳ್ಳಿಗಳಲ್ಲಿ ಟ್ರಾನ್ಸಿಸ್ಟರ್ ಎಂದರೆ ಕಂಕುಳಲ್ಲಿ ಹಿಡಿದು ಹೊಲಕ್ಕೆ ಒಯ್ಯುವ ರೇಡಿಯೊ ಎಂದೇ ಅರ್ಥವಾಯಿತು. ಅಂಗದ ಹೆಸರು ಅಂಗಿಗೆ ಸಂದ ಈ ಲಕ್ಷಣಾರ್ಥವನ್ನು ಕಾವ್ಯಮೀಮಾಂಸೆಯ ತರಗತಿಯಲ್ಲಿ ಉದಾಹರಿಸಲು ಅಡ್ಡಿಯಿಲ್ಲ. 1960ರ ದಶಕದಲ್ಲಿ ಒಂದೇ ಸಿಲಿಕಾನ್ ಚೂರಿನ ಮೇಲೆ ಅನೇಕ ಟ್ರಾನ್ಸಿಸ್ಟರುಗಳನ್ನು ಮೂಡಿಸಲು ಸಾಧ್ಯವಾದಾಗ, ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರುಗಳು ಅವಳಿಗಳಂತೆ ಹೋಲತೊಡಗಿದವು. ಉದ್ದಬಾಲದ ಜೋಡಿಗೆ ಅದಕ್ಕಿಂತ ತಕ್ಕ ಮನೆ ಬೇರೆ ಇರಲಿಲ್ಲ. ಹೃದಯದ ಬಡಿತವನ್ನು ಬರೆಯುವ ಇಸಿಜಿ ಯಂತ್ರದ ಬಾಗಿಲಲ್ಲಿಯೂ ಅದೇ ಇದೆ.

ಇಂದು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮೊದಮೊದಲು ಮಾಡುವ ಪ್ರಯೋಗಗಳಲ್ಲಿ ಈ ಜೋಡಿಯ ಗೇನ್, ಅಂದರೆ ವರ್ಧನೆಯ ಪ್ರಮಾಣ, ಎಷ್ಟೆಂದು ಲೆಕ್ಕ ಹಾಕುವುದೂ ಒಂದು. ಬ್ಲೂಮ್‌ಲೈನ್ ಅವರ ಹಟ ಎಂಥದೆಂದು ತಿಳಿಯಲು ಆ ಲೆಕ್ಕವನ್ನೊಮ್ಮೆ ಮಾಡಿ ನೋಡಬಹುದು. ಮೇಲೆ 10, ಕೆಳಗೆ ಋಣ 10 ವೋಲ್ಟ್ ಇರಲಿ. ಎರಡು ಟ್ರಾನ್ಸಿಸ್ಟರುಗಳ ತಲೆಯ ಮೇಲೆ ಒಂದೊಂದು 4,700 ಓಮ್ ರೋಧ, ಬಾಲದಲ್ಲಿಯೂ 4,700 ಓಮ್ ಇರಲಿ. ಕೆಳಗಿನ 10 ವೋಲ್ಟಿನಲ್ಲಿ ಟ್ರಾನ್ಸಿಸ್ಟರು ತನಗಾಗಿ 0.7ನ್ನು ಇಟ್ಟುಕೊಳ್ಳುತ್ತದೆ. ಉಳಿದ 9.3 ವೋಲ್ಟ್ ಬಾಲದಲ್ಲಿ ಹರಿಸುವುದು ಸುಮಾರು 2 ಮಿಲಿಆಂಪಿಯರ್, ಒಂದೊಂದರ ಪಾಲಿಗೆ 1. ಅಷ್ಟು ಹರಿವಿನಲ್ಲಿ ಟ್ರಾನ್ಸಿಸ್ಟರಿನ ಒಳರೋಧ ಸುಮಾರು 26 ಓಮ್, ಎರಡರದು ಸೇರಿ 52. 4,700ನ್ನು 52ರಿಂದ ಭಾಗಿಸಿದರೆ ಒಂದು ಬದಿಯಲ್ಲಿ ದೊರೆಯುವ ವರ್ಧನೆ 90. ಎರಡು ತಂತಿಗಳಲ್ಲಿಯೂ ಸಮನಾಗಿ ಬಂದ ಗದ್ದಲಕ್ಕೆ ಸಿಗುವುದು 4,700ನ್ನು 9,400ರಿಂದ ಭಾಗಿಸಿದಷ್ಟು, ಅಂದರೆ ಅರೆ. ಸಂಕೇತಕ್ಕೆ ತೊಂಬತ್ತು ಪಾಲು, ಗದ್ದಲಕ್ಕೆ ಅರೆಪಾಲು.

ಇದು ಕೈಲೆಕ್ಕ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಿಂದ ಹೊರಬಂದ ಸ್ಪೈಸ್ ಎಂಬ ಗಣಕ ಕಾರ್ಯಕ್ರಮಕ್ಕೆ ಇದೇ ಮಂಡಲವನ್ನು ಒಪ್ಪಿಸಿದರೆ, ಟ್ರಾನ್ಸಿಸ್ಟರಿನ ಗುಣಗಳನ್ನು ವಿವರವಾಗಿ ಹೇಳದೆ ಬಿಟ್ಟಾಗ, ಅದು ಸುಮಾರು 88 ಎನ್ನುತ್ತದೆ. ತೊಂಬತ್ತಕ್ಕೂ ಎಂಬತ್ತೆಂಟಕ್ಕೂ ಹೆಚ್ಚಿನ ಅಂತರವಿಲ್ಲವೆಂದು ವಿದ್ಯಾರ್ಥಿ ಹಿಗ್ಗುತ್ತಾನೆ. ಆದರೆ ವಿವರ ಹೇಳದಿದ್ದಾಗ ಸ್ಪೈಸ್ ತಾನಾಗಿ ಹಿಡಿಯುವ ಟ್ರಾನ್ಸಿಸ್ಟರ್ ಬಹುಮಟ್ಟಿಗೆ ಆದರ್ಶದ್ದು. ಕಲೆಕ್ಟರಿನ ವೋಲ್ಟೇಜು ಏರಿದರೂ ಅದರ ಹರಿವು ಕದಲುವುದಿಲ್ಲ. ಕೈಲೆಕ್ಕವೂ ಅದನ್ನೇ ನಂಬಿತ್ತು. ಒಂದೇ ಮಾತೃಪ್ರತಿಯಿಂದ ಇಳಿದ ಎರಡು ಓಲೆಪ್ರತಿಗಳ ಪಾಠ ಒಂದೇ ಆಗಿದ್ದರೆ ಅದು ಕವಿಯ ಪಾಠವೇ ಎಂದು ಗ್ರಂಥಸಂಪಾದಕರು ಒಪ್ಪುವುದಿಲ್ಲವಷ್ಟೆ. ಇಲ್ಲಿಯ ಸಾಮ್ಯವೂ ಆ ಬಗೆಯದು. ಜೇಮ್ಸ್ ಅರ್ಲಿ ಎಂಬುವರು 1952ರಲ್ಲಿ ವಿವರಿಸಿದ, ಹರಿವು ತುಸು ಕದಲುವ ಗುಣವನ್ನು ಸೇರಿಸಿ, ಅದಕ್ಕೆ ಸಂಬಂಧಿಸಿದ ವೋಲ್ಟೇಜನ್ನು 100 ಎಂದು ಕೊಟ್ಟರೆ ಉತ್ತರ 85ರ ಆಸುಪಾಸಿಗೆ ಇಳಿಯುತ್ತದೆ. ಇನ್ನು ಅಂಗಡಿಯಿಂದ ತಂದ ಬಿಡಿಭಾಗಗಳಿಂದ ಕಟ್ಟಿದಾಗ ರೋಧಗಳು ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರುತ್ತವೆ, ಎರಡು ಟ್ರಾನ್ಸಿಸ್ಟರುಗಳೂ ಬೇರೆಬೇರೆ ತಾಯಿಯ ಮಕ್ಕಳು. ಒಂದನ್ನು ಬೆರಳಿಂದ ಮುಟ್ಟಿದರೂ ಸಾಕು, ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಅದರ ಸಮತೋಲ ಜಾರುತ್ತದೆ. ಕಾಗದ, ಗಣಕ, ಮೇಜು ಈ ಮೂರರ ಉತ್ತರಗಳಲ್ಲಿ ವ್ಯತ್ಯಾಸ ಬಂದಾಗ ಅದನ್ನು ಒಟ್ಟಾರೆ ದೋಷವೆಂದು ಬರೆದು ಕೈತೊಳೆದುಕೊಳ್ಳುವ ರೂಢಿ ಉಂಟು. ಯಾವ ನಂಬಿಕೆಯಿಂದ ಎಷ್ಟು ಅಂತರ ಬಂತೆಂದು ಬಿಡಿಸಿ ನೋಡುವುದು ಬ್ಲೂಮ್‌ಲೈನ್ ಅವರ ಮಾರ್ಗ. ಅವರಲ್ಲಿ ಗಣಕವಿರಲಿಲ್ಲ. ಅಂತರ ತಲೆಯೆತ್ತದಂತೆ ಮಂಡಲವನ್ನು ಹೆಣೆಯುವ ಬುದ್ಧಿ ಇತ್ತು.

ಟ್ರಾನ್ಸಿಸ್ಟರನ್ನು ಕಾಣುವವರೆಗೆ ಅವರ ಆಯುಸ್ಸು ನಡೆಯಲಿಲ್ಲ. 1939ರಲ್ಲಿ ಯುದ್ಧ ತೊಡಗಿದೊಡನೆ ದೂರದರ್ಶನ ನಿಂತಿತು, ಅದಕ್ಕಾಗಿ ದುಡಿಯುತ್ತಿದ್ದ ತಂಡ ರಾಡಾರಿನತ್ತ ತಿರುಗಿತು. ಸ್ಟೀರಿಯೊದಲ್ಲಿ ಕಂಡುಕೊಂಡ ಎರಡು ಕಿವಿಗಳ ತತ್ತ್ವವನ್ನು ಅವರು ಶತ್ರುವಿಮಾನದ ಸದ್ದು ಯಾವ ದಿಕ್ಕಿನದೆಂದು ತೋರಿಸುವ ಸಾಧನಕ್ಕೆ ಒಗ್ಗಿಸಿದರು. ಆಮೇಲೆ ಬಂದುದು ಎಚ್‌2ಎಸ್ ಎಂಬ ರಾಡಾರು. ಬರ್ಮಿಂಗ್‌ಹ್ಯಾಮಿನಲ್ಲಿ 1940ರಲ್ಲಿ ರೂಪುಗೊಂಡ ಮ್ಯಾಗ್ನೆಟ್ರಾನ್ ಎಂಬ ಗುಪ್ತ ಸಾಧನದ ಬಲದಿಂದ, ಕತ್ತಲಲ್ಲಿ ಮೋಡದ ಮೇಲೆ ಹಾರುವ ವಿಮಾನಕ್ಕೆ ಕೆಳಗಿನ ನೆಲದ ನಕ್ಷೆಯನ್ನು ತೋರಿಸುವ ಯಂತ್ರ ಅದು. ಬ್ಲೂಮ್‌ಲೈನ್ ಹಾರಾಟದ ಹವ್ಯಾಸಿ, ಸ್ವತಃ ವಿಮಾನ ನಡೆಸಬಲ್ಲವರು. ತಾವು ರೂಪಿಸಿದ್ದು ಆಕಾಶದಲ್ಲಿ ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡದೆ ಒಪ್ಪುವ ಜಾಯಮಾನ ಅವರದಲ್ಲ.

1942ರ ಜೂನ್ 7ರಂದು ಡೆಫರ್ಡ್ ವಿಮಾನನೆಲೆಯಿಂದ ಹ್ಯಾಲಿಫ್ಯಾಕ್ಸ್ ವಿಮಾನವೊಂದು ಎಚ್‌2ಎಸ್ ಯಂತ್ರದ ಪರೀಕ್ಷೆಗೆಂದು ಮೇಲೇರಿತು. ಅದರಲ್ಲಿದ್ದವರು ಹನ್ನೊಂದು ಜನ. ಬ್ಲೂಮ್‌ಲೈನ್, ಅವರ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರ್ಯಾಂಕ್ ಬ್ಲೈದೆನ್ ಆ ಪೈಕಿ ಮೂವರು. ವೇಲ್ಸಿನ ಗಡಿಯಲ್ಲಿ ಹಾರುತ್ತಿದ್ದಾಗ ಬಲಬದಿಯ ಹೊರ ಎಂಜಿನ್ನಿಗೆ ಬೆಂಕಿ ಹೊತ್ತಿತು. ಬೆಂಕಿ ರೆಕ್ಕೆಗೆ ಹಬ್ಬಿತು. ವೆಲ್ಷ್ ಬಿಕ್ನರ್ ಎಂಬ ಹಳ್ಳಿಯ ಬಳಿ ವಿಮಾನ ನೆಲಕ್ಕಪ್ಪಳಿಸಿ ಹನ್ನೊಂದು ಮಂದಿಯೂ ಮಡಿದರು. ಬ್ಲೂಮ್‌ಲೈನ್ ಅವರಿಗೆ ಮೂವತ್ತೊಂಬತ್ತು ತುಂಬಲು ಇಪ್ಪತ್ತೆರಡು ದಿನ ಉಳಿದಿತ್ತು. ಮನೆಯಲ್ಲಿ ಪತ್ನಿ ಡೊರೀನ್, ಇಬ್ಬರು ಎಳೆಯ ಗಂಡುಮಕ್ಕಳು. ಮುಂದೆ ಖಗೋಳ ವಿಜ್ಞಾನಿಯಾಗಿ ಹೆಸರಾದ ಬರ್ನಾರ್ಡ್ ಲವೆಲ್ ಅವರು ದುರಂತದ ಸ್ಥಳಕ್ಕೆ ಹೋಗಿ, ಗುಪ್ತವಾಗಿಡಬೇಕಾಗಿದ್ದ ಮ್ಯಾಗ್ನೆಟ್ರಾನನ್ನು ಅವಶೇಷಗಳಲ್ಲಿ ಹುಡುಕಬೇಕಾಯಿತು.

ತನಿಖೆಯಲ್ಲಿ ಕಾರಣ ತಿಳಿಯಿತು. ಎಂಜಿನ್ನಿನ ಕವಾಟವೊಂದರ ನಟ್ಟು ತಪಾಸಣೆಯ ವೇಳೆಯಲ್ಲಿ ಸರಿಯಾಗಿ ಬಿಗಿಯಾಗದೆ ಉಳಿದಿತ್ತು. ಅದು ಸಡಿಲವಾಗಿ, ಕವಾಟದ ಕಾಂಡ ತುಂಡಾಗಿ, ಇಂಧನಕ್ಕೆ ಕಿಡಿ ತಾಗಿತ್ತು. ವಿಮಾನದಲ್ಲಿದ್ದವರು ಪರೀಕ್ಷಿಸಲು ಹೊರಟಿದ್ದ ಯಂತ್ರಕ್ಕೂ ಈ ನಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ. ಎಚ್‌2ಎಸ್ ಕೆಲಸ ನಿಲ್ಲಲಿಲ್ಲ. 1943ರ ಜನವರಿಯ ಕೊನೆಗೆ ಅದು ಯುದ್ಧರಂಗವನ್ನು ಸೇರಿತು.

ಗುಟ್ಟು ಕಾಯಬೇಕಾಗಿದ್ದುದರಿಂದ ಸಾವಿನ ಸುದ್ದಿಯನ್ನೂ ಆಗ ಪ್ರಕಟಿಸಲಿಲ್ಲ. ಯುದ್ಧ ಮುಗಿದ ಮೇಲೆ ಹೇಳಬಹುದಾಗಿದ್ದಾಗ ಕೇಳುವವರು ವಿರಳರಾಗಿದ್ದರು. ಅವರು ಬಾಳಿದ ಈಲಿಂಗ್‌ನ ಮನೆಗೆ ನೀಲಿ ಫಲಕ ಬಂದುದು 1977ರಲ್ಲಿ. ಪೂರ್ಣ ಪ್ರಮಾಣದ ಜೀವನಚರಿತ್ರೆಗಳು ಎರಡು, ಒಂದು 1999ರಲ್ಲಿ, ಇನ್ನೊಂದು 2000ದಲ್ಲಿ. ವಿದ್ಯುತ್ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಅವರ ಸ್ಟೀರಿಯೊ ಶೋಧಕ್ಕೆ ಫಲಕ ಹಾಕಿದ್ದು 2015ರಲ್ಲಿ. ಉದ್ದಬಾಲದ ಜೋಡಿಯನ್ನು ಪಠ್ಯಪುಸ್ತಕಗಳು ಕರ್ತೃವಿನ ಹೆಸರಿಲ್ಲದೆಯೇ ಪಾಠ ಹೇಳುತ್ತ ಬಂದಿವೆ. 1935ರಲ್ಲಿ ಅವರ ತಂಡ ತೆಗೆದ ಕೆಲವು ಪರೀಕ್ಷಾಚಿತ್ರಗಳು ಉಳಿದಿವೆ. ಅವುಗಳಲ್ಲೊಂದರಲ್ಲಿ ಹೇಯ್ಸ್ ರೈಲುನಿಲ್ದಾಣ ಕಾಣುತ್ತದೆ. ಉಗಿಬಂಡಿ ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯುತ್ತದೆ, ಸದ್ದೂ ಅದರ ಜೊತೆಯಲ್ಲಿಯೇ ಹಾಯುತ್ತದೆ.